ಎರಡು ಸಾರಿ ಆದಮೇಲೆ

ಜೂನ್ ೪, ಮಂಗಳವಾರ

ಸ್ಯಾಂಪಲ್ ಎಂದರೆ ನನಗೆ ಇಷ್ಟು ದಿನ ಗೊತ್ತಿದ್ದದ್ದು ಎರಡೇ ಬಗೆ: ಬಟ್ಟೆ ಅಂಗಡಿಯವರು ತೋರಿಸುವ ತುಂಡು, ಆಸ್ಪತ್ರೆಯವರು ಕೇಳುವ ಸೀಸೆ. ಮೂರನೆಯದನ್ನು ಇವತ್ತು ಬಾಮೈದ ಕಲಿಸಿದ. ಎಲ್ಲಿಯದೋ ಒಂದು ಸದ್ದನ್ನು ಹಿಡಿದು, ಅದರ ಚೂರೊಂದನ್ನು ಕತ್ತರಿಸಿ, ಒಂದು ಗುಂಡಿಗೆ ಕಟ್ಟಿಹಾಕುವುದು. ಗುಂಡಿ ಒತ್ತಿದಾಗಲೆಲ್ಲ ಅದು ಬಾಯಿ ಬಿಡುತ್ತದೆ. ಇಂಥ ಹದಿನಾರು ರಬ್ಬರ್ ಗುಂಡಿಗಳಿರುವ ಪೆಟ್ಟಿಗೆಯೊಂದನ್ನು ಅವನು ನಮ್ಮ ಊಟದ ಮೇಜಿನ ಮೇಲೆ ಇಟ್ಟುಹೋಗಿದ್ದಾನೆ.

"ಭಾವ, ಇದಕ್ಕೆ ಹಾಡೋಕೆ ಬರಬೇಕಿಲ್ಲ, ಬಾರಿಸೋಕೂ ಬರಬೇಕಿಲ್ಲ."

"ಮತ್ತೇನು ಬರಬೇಕು?"

"ಕಿತ್ತು ಅಂಟಿಸೋಕೆ ಬರಬೇಕು. ನೀವು ಇಪ್ಪತ್ತು ವರ್ಷದಿಂದ ಇನ್ನೇನು ಮಾಡ್ತಿದ್ದೀರಿ?"

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಬಾಮೈದ ವಾರವಿಡೀ ಏಸಿ ರಿಪೇರಿ ಮಾಡುತ್ತಾನೆ, ಭಾನುವಾರ ಸಂಜೆ ಡಾನ್ಸ್ ಹಾಲ್‌ನಲ್ಲಿ ಡಿಜೆ ಆಗುತ್ತಾನೆ. ಎರಡರಲ್ಲೂ ತನ್ನ ಕೆಲಸ ಗಾಳಿ ಅಲುಗಾಡಿಸುವುದೇ ಎನ್ನುತ್ತಾನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕೂತು ನಾನು ಗೋಡೆಯ ಸೂಚನಾಫಲಕಗಳನ್ನೂ ತಿದ್ದಲು ಶುರು ಮಾಡಿದ್ದು ನೋಡಿ, ಹೆಂಡತಿಯೇ ತಮ್ಮನಿಗೆ ಹೇಳಿ ಈ ಪೆಟ್ಟಿಗೆ ತರಿಸಿದಳಂತೆ.

ಆಸ್ಪತ್ರೆ ಅಪ್ಪನ ಸಲುವಾಗಿ. ಅಪ್ಪ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಕಳೆದ ತಿಂಗಳು ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಗಡ್ಡೆ ಹೋಯಿತು, ಜೀವ ಉಳಿಯಿತು. ಈಗ ಉಸಿರು ಕತ್ತಿನ ಬುಡದ ತೂತಿನಿಂದ, ಮಾತು ಸ್ಲೇಟಿನಿಂದ.

ಮಲಗುವ ಮುನ್ನ ಒಂದು ಪದ್ಯ:

ಕತ್ತರಿಸು, ಅಂಟಿಸು, ಮತ್ತೆ ಕತ್ತರಿಸು;
ಒಗ್ಗದಿದ್ದರೆ ಒತ್ತಿ ಒದ್ದು ಒಪ್ಪಿಸು.

ಜೂನ್ ೭, ಶುಕ್ರವಾರ

ಅಪ್ಪ ಸ್ಲೇಟಿನ ಮೇಲೆ ಎರಡಕ್ಷರ ಬರೆಯುವಷ್ಟರಲ್ಲಿ ನನಗೆ ಇಡೀ ವಾಕ್ಯ ಸಿಕ್ಕಿರುತ್ತದೆ. ವೃತ್ತಿಯ ವರ. ಬೆಳಿಗ್ಗೆ ‘ಕಿಟ’ ಎಂದು ಬರೆದರು, ಓಡಿಹೋಗಿ ಕಿಟಕಿ ಮುಚ್ಚಿದೆ. ಸಂಜೆ ‘ನೀ’ ಎಂದು ಬರೆದರು, ನೀರು ತಂದೆ. ಕುಡಿದರು. ಲೋಟ ಕೆಳಗಿಟ್ಟು ಉಳಿದದ್ದನ್ನೂ ಬರೆದರು: ‘ನೀನು ಸ್ವಲ್ಪ ಆಚೆ ಹೋಗು.’

ಹೆಂಡತಿ ಬಾಗಿಲಲ್ಲಿ ನಿಂತು ನಕ್ಕಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತು ಬರುವುದರಿಂದ ಮನೆಯಲ್ಲಿ ಯಾರಿಗೂ ಹೆದರುವುದಿಲ್ಲ.

"ಶುರು ಮಾಡಿದ ಮಾತನ್ನ ನಾನೇ ಮುಗಿಸಿ ಎಷ್ಟು ವರ್ಷ ಆಯ್ತು ಗೊತ್ತೇನ್ರೀ? ಈಗ ನೋಡಿ, ನನಗೆ..."

"ಬೇಜಾರಾಗತ್ತೆ ಅಂತೀಯ. ಗೊತ್ತು."

"ಹಸಿವಾಗ್ತಿದೆ ಅಂತ ಹೇಳೋಕೆ ಹೊರಟಿದ್ದೆ."

ಸ್ಲೇಟಿನ ಮೇಲೆ ಸೀಮೆಸುಣ್ಣ;
ಅಪ್ಪನ ಸಿಟ್ಟಿಗೆ ಬಿಳಿಯ ಬಣ್ಣ.

ಜೂನ್ ೧೨, ಬುಧವಾರ

ಅಪ್ಪನಿಗೆ ಮಾತಿನ ಕ್ಲಾಸು ಶುರುವಾಯಿತು. ಧ್ವನಿಪೆಟ್ಟಿಗೆ ಇಲ್ಲದೆಯೂ ಮಾತಾಡಬಹುದಂತೆ! ಗಾಳಿಯನ್ನು ಅನ್ನನಾಳದೊಳಕ್ಕೆ ನುಂಗಬೇಕು, ತೇಗಿನ ಹಾಗೆ ಹೊರಬಿಡಬೇಕು, ಆ ತೇಗು ತುಟಿ ದಾಟುವ ಮೊದಲು ಅದಕ್ಕೆ ಅಕ್ಷರದ ಆಕಾರ ಕೊಡಬೇಕು. ನನಗೆ ಭಾರಿ ಕುತೂಹಲವಾಯಿತು. ಬಸ್ಸಿನಲ್ಲಿ ಬರುವಾಗ ನಾನೂ ಪ್ರಯತ್ನಿಸಿದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಮಾತಿನ ಟೀಚರ್ ನನಗಿಂತ ಚಿಕ್ಕವರು. ಮೊದಲು ‘ಪ’ ಹೇಳಿಸಿದರು. ಅಪ್ಪ ನುಂಗಿದರು, ಬಿಟ್ಟರು, ‘ಪ’ ಬಂದೇಬಿಟ್ಟಿತು. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ಅಪ್ಪ ಮಾತ್ರ ತಮ್ಮ ಬಾಯಿಂದ ಬಂದದ್ದನ್ನು ಕೇಳಿ ಮುಖ ಸಿಂಡರಿಸಿ ಸ್ಲೇಟು ಎಳೆದುಕೊಂಡರು: ‘ಕಪ್ಪೆ.’ ಆಮೇಲೆ ಏನು ಮಾಡಿದರೂ ತುಟಿ ಬಿಚ್ಚಲಿಲ್ಲ. ಮಾರುಕಟ್ಟೆಯ ಈ ತುದಿಯಿಂದ ಆ ತುದಿಗೆ ಮೈಕಿಲ್ಲದೆ ಕೇಳಿಸುತ್ತಿದ್ದ ಗಂಟಲು ಅದು.

ಹೊರಗೆ ಬಂದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು. "ಮೊದಲ ಕೆಲವು ತಿಂಗಳು ಬಿಟ್ರೆ ಆಮೇಲೆ ತುಂಬಾ ಜನ ಬರೋದೇ ಇಲ್ಲ. ಸ್ಲೇಟಿಗೇ ಒಗ್ಗಿಹೋಗ್ತಾರೆ. ನಿಮ್ಮ ತಂದೆಗೆ ಆಗಲ್ಲ ಅಂತೇನಿಲ್ಲ. ಬೇಕು ಅನ್ನಿಸ್ಬೇಕು, ಅಷ್ಟೆ. ಹೇಗಾದ್ರೂ ಬಾಯಿ ಬಿಡ್ಸಿ."

ಹೇಗೆ ಎಂದು ಅವರು ಹೇಳಲಿಲ್ಲ.

ಜೂನ್ ೧೬, ಭಾನುವಾರ

ಈ ವಾರ ಹಿಡಿದ ಸದ್ದುಗಳು: ನಮ್ಮ ಪ್ರೆಸ್ಸಿನ ಹೊಲಿಗೆ ಯಂತ್ರ ಪುಸ್ತಕದ ಬೆನ್ನಿಗೆ ಪಿನ್ನು ಹೊಡೆಯುವುದು, ಕಟ್ಟಿಂಗ್ ಯಂತ್ರದ ನಿಟ್ಟುಸಿರು, ಹೆಂಡತಿ ಶಿಷ್ಯರಿಗೆ "ಕ್ಲಚ್ಚು, ಕ್ಲಚ್ಚು, ಅಯ್ಯೋ ಕ್ಲಚ್ಚು" ಎನ್ನುವುದು. ಕೊನೆಯದಕ್ಕೆ ಬಾಮೈದ ಕೆಳಗಿಂದ ಡ್ರಮ್ಮು ಹಾಕಿದ. ನಿಜಕ್ಕೂ ಕಾಲು ಕುಣಿಯಿತು. ನಲವತ್ತೈದರಲ್ಲಿ ನನ್ನ ಮೊದಲ ಆಲ್ಬಂ ಬರಲಿದೆ, ಎಂಟು ಹಾಡು. ಆಗಸ್ಟಿನಲ್ಲಿ ಒಂದು ಭಾನುವಾರ ಹಾಲ್‌ನಲ್ಲಿ ಬಿಡುಗಡೆ ಎಂದು ಬಾಮೈದ ಈಗಲೇ ಸಾರಿಬಿಟ್ಟಿದ್ದಾನೆ.

ಆದರೆ ನಿಜವಾದ ನಿಧಿ ಸಿಕ್ಕಿದ್ದು ಅಟ್ಟದ ಮೇಲೆ. ಅಪ್ಪನ ಕ್ಯಾಸೆಟ್ಟುಗಳು! ಯಾರು ಎಷ್ಟಕ್ಕೆ ಕೂಗಿದರು ಎಂದು ಆಮೇಲೆ ಜಗಳ ಬರಬಾರದೆಂದು ಮಾರುಕಟ್ಟೆಯವರು ಪ್ರತಿ ಹರಾಜನ್ನೂ ಟೇಪು ಮಾಡಿಕೊಳ್ಳುತ್ತಿದ್ದರು. ಕಚೇರಿ ಬದಲಾದಾಗ ಎಸೆಯಲು ಹೊರಟಿದ್ದನ್ನು ಅಪ್ಪ ಮನೆಗೆ ಹೊತ್ತು ತಂದಿದ್ದರು.

ಅಪ್ಪ ಮಲಗಿದ್ದಾಗ ಬಾಗಿಲು ಹಾಕಿಕೊಂಡು ಕೇಳಿದೆವು. "ಒಂದು ಸಾರೀ... ಎರಡು ಸಾರೀ..." ಎಂಥ ಗಂಟಲು! ತಾಮ್ರದ ಹಂಡೆ ಬಡಿದ ಹಾಗೆ. ಕಂಪ್ಯೂಟರಿನ ಪರದೆಯ ಮೇಲೆ ಸದ್ದು ಬೆಟ್ಟಗಳ ಸಾಲಿನ ಹಾಗೆ ಕಾಣುತ್ತದೆ, ಮೌನ ಗೆರೆ ಎಳೆದ ಹಾಗೆ. ಪ್ರತಿ ಕೂಗಿನಲ್ಲೂ ಎರಡರ ಬೆಟ್ಟ ಮುಗಿದು ಮೂರರ ಬೆಟ್ಟ ಬರುವ ತನಕ ಉದ್ದನೆಯ ಗೆರೆ. ಒಂದೊಂದು ಸಾರಿ ಒಂದೊಂದು ಅಳತೆ. ತಾಳಕ್ಕೆ ಕೂರುವುದಿಲ್ಲ. ಪದಗಳ ನಡುವೆ ಹೆಚ್ಚು ಜಾಗ ಬಿಟ್ಟಿದ್ದರೆ ಮುಚ್ಚುವುದು ನನ್ನ ಕೈಗೆ ಅಂಟಿದ ಚಾಳಿ. ಎಲ್ಲವನ್ನೂ ಮುಚ್ಚಿದೆ. ಎರಡುಸಾರಿಮೂರುಸಾರಿ, ಎರಡುಸಾರಿಮೂರುಸಾರಿ. ಬಾಮೈದ ಕುರ್ಚಿಯಿಂದ ಎದ್ದು ಕುಣಿದ.

"ಭಾವ, ಇದೇ ಹಿಟ್ಟು!"

"ಹಿಟ್ಟಿಗೆ ಮುಂಚೆ ಇನ್ನೂ ರುಬ್ಬಬೇಕು" ಎಂದೆ.

ಜೂನ್ ೨೭, ಗುರುವಾರ

ಆಫೀಸಿನಿಂದ ಬಂದವನೇ ಪೆಟ್ಟಿಗೆಯ ಮುಂದೆ ಕೂತಿದ್ದೆ. ಬೆನ್ನ ಹಿಂದೆ ಯಾರೋ ನಿಂತ ಹಾಗನ್ನಿಸಿ ತಿರುಗಿದರೆ ಅಪ್ಪ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ನಾನು ಗುಂಡಿಯಿಂದ ಕೈ ತೆಗೆದರೂ ಅದು ಕೂಗುತ್ತಲೇ ಇತ್ತು: ಎರಡುಸಾರಿಮೂರುಸಾರಿ.

"ಅಪ್ಪ, ಇದು ಒಂದು... ಇಷ್ಟ ಆಯ್ತಾ?"

ಅವರು ಒಳಗೆ ಹೋಗಿ ಸ್ಲೇಟು ಹಿಡಿದು ಬಂದರು. ಅದರ ಮೇಲೆ ದೊಡ್ಡದಾಗಿ: ‘ಅದು ನಾನಲ್ಲ.’

"ನೀವೇ ಅಪ್ಪ. ದನಿ ಹೋಯ್ತು ಅಂತ ಹಾಗೆಲ್ಲ ಅಂದ್ಕೋಬೇಡಿ. ಈಗಲೂ ನೀವೇ."

ಅವರ ಸೀಮೆಸುಣ್ಣ ಇನ್ನೂ ಸ್ಲೇಟಿನ ಮೇಲೆಯೇ ಇತ್ತು. ನನ್ನ ಮುಖ ನೋಡಿದರು, ಅಂಗೈಯಿಂದ ಸ್ಲೇಟು ಒರೆಸಿದರು, ಹೊರಟುಹೋದರು.

ಜುಲೈ ೧, ಸೋಮವಾರ

ಅಪ್ಪ ಎರಡು ಕ್ಲಾಸು ತಪ್ಪಿಸಿದ್ದಾರೆ.

ಹೆಂಡತಿ ನೇರವಾಗಿ ಕೇಳಿದಳು. "ಒಳಗೆ ಕೂತು ಅವರ ಹಳೇ ದನೀನ ಕುಣಿಸ್ತಿದ್ದೀರಿ. ಅದನ್ನ ಕೇಳಿದ ಮೇಲೆ ಹೋಗಿ ಕಪ್ಪೆ ಹಾಗೆ ಕೂಗಿ ಅಂದ್ರೆ ಯಾರಿಗೆ ಮನಸ್ಸು ಬರತ್ತೆ?"

ಆಲ್ಬಂ ಬೇಡ ಎಂದು ಬಾಮೈದನಿಗೆ ಫೋನು ಮಾಡಿದೆ. "ಹಾಲ್ ಹೇಳಿಬಿಟ್ಟಿದೀನಿ ಭಾವ" ಎಂದು ಅತ್ತ. ಏಸಿ ರಿಪೇರಿ ಮಾಡುವವನ ಕಣ್ಣೀರು. ನೀರು ಸೋರುವುದು ಅವನಿಗೆ ಹೊಸದಲ್ಲ ಬಿಡಿ.

ಜುಲೈ ೨

ಇವತ್ತೂ ಹೋಗಲಿಲ್ಲ.

ಜುಲೈ ೯, ಮಂಗಳವಾರ

ಹೆಂಡತಿ ರಜೆ ಹಾಕಿ, ಡ್ರೈವಿಂಗ್ ಶಾಲೆಯ ಕಾರು ತಂದು ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿದಳು. ಕಲಿಸುವವರಿಗಾಗಿ ಆ ಕಡೆಗೂ ಒಂದು ಬ್ರೇಕು ಇರುವ ಕಾರು. ಅಪ್ಪ ದಾರಿಯುದ್ದಕ್ಕೂ ಅದನ್ನು ಒತ್ತುತ್ತಲೇ ಇದ್ದರು. "ಮಾವ, ನೀವು ಎಷ್ಟು ಸಲ ನಿಲ್ಲಿಸಿದ್ರೂ ಕಾರು ಅಲ್ಲಿಗೇ ಹೋಗೋದು" ಎಂದಳು. ನಾನು ಹಿಂದೆ ಕೂತು ಹಿಂದಿನ ಗಾಡಿಗಳ ಹಾರ್ನು ಕೇಳುತ್ತಿದ್ದೆ.

ಟೀಚರ್ ಬೈಯಲಿಲ್ಲ. ಇವತ್ತು ಎಣಿಸೋಣ ಎಂದರು. ಅಪ್ಪ ಸೊಸೆಯ ಮುಖ ನೋಡಿ, ಗಾಳಿ ನುಂಗಿದರು. "ಒಂದು." ಸ್ಪಷ್ಟವಾಗಿತ್ತು. ಮತ್ತೆ ನುಂಗಿದರು. "ಎರಡು."

"ಮುಂದೆ?" ಎಂದರು ಟೀಚರ್.

ಅಪ್ಪ ಗಾಳಿ ನುಂಗಲಿಲ್ಲ. ಟೀಚರ್ ತುಟಿ ಹೇಗೆ ಮುಚ್ಚಿ ತೆರೆಯಬೇಕೆಂದು ತೋರಿಸಿದರು. ಅಪ್ಪನ ಕಣ್ಣು ಕೋಣೆಯ ಹಿಂದುಗಡೆಯ ಖಾಲಿ ಕುರ್ಚಿಗಳ ಮೇಲೆ ಓಡಾಡುತ್ತಿತ್ತು. ‘ಮ’ ಕಷ್ಟ ಅನ್ನಿಸುತ್ತದೆ ಎಂದು ಟೀಚರ್ ನನಗೆ ಮೆಲ್ಲಗೆ ಹೇಳಿದರು. ತಡೆಯಲಾಗಲಿಲ್ಲ.

"ಮೂರು" ಎಂದೆ.

ಅಪ್ಪ ನನ್ನ ಕಡೆ ತಿರುಗಿದ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ಸ್ಲೇಟು ಎಳೆದುಕೊಂಡು ಸೀಮೆಸುಣ್ಣ ಮುರಿಯುವ ಹಾಗೆ ಬರೆದರು:

‘ಯಾರಿಗೆ ಮಾರಿದೆ?’

ಜುಲೈ ೧೦, ಬುಧವಾರ

ಆಫೀಸಿಗೆ ರಜೆ ಹಾಕಿದೆ. ಅಪ್ಪನ ಎದುರು ಕೂತು, ಯಾರಿಗೆ ಮಾರಿದೆ ಎಂದರೆ ಏನು ಎಂದು ಕೇಳಿದೆ.

ಸ್ಲೇಟು ಚಿಕ್ಕದು. ಬರೆದು, ತೋರಿಸಿ, ಒರೆಸಿ, ಮತ್ತೆ ಬರೆಯಬೇಕು. ಕಾಫಿ ತಣ್ಣಗಾಯಿತು. ನನಗೂ ಬೇರೆ ಕೆಲಸವಿರಲಿಲ್ಲ, ಕೂತಿದ್ದೆ.

‘ಎರಡು ಅಂದಮೇಲೆ ಹಿಂದಿನ ಸಾಲು ನೋಡಬೇಕು.’

ಒರೆಸಿದರು.

‘ಮುಂದೆ ನಿಂತವರು ಕೂಗುತ್ತಾರೆ. ಹಿಂದೆ ನಿಂತವರು ಲೆಕ್ಕ ಹಾಕುತ್ತಿರುತ್ತಾರೆ.’

ಒರೆಸಿದರು.

‘ಕೈ ಏಳುವ ಮೊದಲು ಭುಜ ಏಳುತ್ತದೆ. ಏಳುತ್ತದೋ ಇಲ್ಲವೋ ಗೊತ್ತಾಗುವ ತನಕ ಮೂರು ಅನ್ನಬಾರದು. ಅಂದರೆ ಮುಗಿಯಿತು.’

"ಪಾಪ, ಹಿಂದಿನವರಿಗೂ ಸಿಗಲಿ ಅಂತಲಾ ಅಪ್ಪ?"

ನನ್ನನ್ನು ಕನಿಕರದಿಂದ ನೋಡಿದರು. ‘ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಬೆಲೆ ಏರುವುದೇ ಅಲ್ಲಿ.’ ಸ್ವಲ್ಪ ಯೋಚಿಸಿ ಕೆಳಗೆ ಸೇರಿಸಿದರು: ‘ಅವರಿಗೂ ಸಿಗಲಿ.’

ಆಮೇಲೆ ಇನ್ನೊಂದು ಸಾಲು ಬರೆದರು, ಆವತ್ತು ಅರ್ಧಕ್ಕೆ ನಿಂತದ್ದು: ‘ಅದು ನಾನಲ್ಲ. ನಾನು ಯಾವತ್ತೂ ಹಾಗೆ ಮಾರಿಲ್ಲ.’

ಮಧ್ಯಾಹ್ನ ಮೂಲ ಕ್ಯಾಸೆಟ್ಟುಗಳನ್ನು ಮತ್ತೆ ಹಾಕಿದೆ. ಈ ಸಾರಿ ಅಪ್ಪನ ಕೂಗು ಬಿಟ್ಟು, ನಾನು ಕತ್ತರಿಸಿ ಎಸೆದ ಗೆರೆಗಳನ್ನಷ್ಟೇ ದನಿ ಹೆಚ್ಚಿಸಿ ಕೇಳಿದೆ. ಖಾಲಿ ಎಂದುಕೊಂಡಿದ್ದೆ. ಒಂದರಲ್ಲಿ ಗೋಣಿಚೀಲ ನೆಲದ ಮೇಲೆ ಎಳೆದ ಸದ್ದಿದೆ. ಒಂದರಲ್ಲಿ ಯಾರೋ ಬಾಯಲ್ಲೇ ಲೆಕ್ಕ ಹಾಕುತ್ತಿದ್ದಾರೆ, ತಪ್ಪಿ ಮತ್ತೆ ಮೊದಲಿನಿಂದ. ಒಂದರಲ್ಲಿ ಕೆಮ್ಮು. ಇನ್ನೊಂದರಲ್ಲಿ ಹೆಂಗಸೊಬ್ಬಳು ಪಕ್ಕದವಳಿಗೆ "ಕೇಳ್ಲಾ? ಕೇಳೇಬಿಡ್ಲಾ?" ಎನ್ನುತ್ತಾಳೆ. ಗೆರೆ ಉದ್ದವಾಗುತ್ತ ಹೋಗುತ್ತದೆ, ಅಪ್ಪ ಮೂರು ಅನ್ನುವುದಿಲ್ಲ. ಕೊನೆಗೆ ದೂರದಿಂದ, ಅರ್ಧ ಹೆದರಿ ಅರ್ಧ ಕಿರುಚಿ: "ನಂದೂ ಒಂದು!" ಇಡೀ ಮಾರುಕಟ್ಟೆ ನಗುತ್ತದೆ.

ಆ ಹೆಂಗಸಿನದನ್ನು ಎಷ್ಟು ಸಾರಿ ಕೇಳಿದೆನೋ.

ಜುಲೈ ೧೮, ಗುರುವಾರ

ಆಲ್ಬಂ ಬೇಕು ಎಂದು ಬಾಮೈದನಿಗೆ ಮತ್ತೆ ಫೋನು ಮಾಡಿದ್ದಾಯಿತು. ಎಲ್ಲ ಗೆರೆಗಳನ್ನೂ ಹುಡುಕಿ ಹುಡುಕಿ ವಾಪಸು ಹಾಕಿದ್ದೇನೆ. ಅಪ್ಪ ಈಗ ಪ್ರತಿ ಸಂಜೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಅಂಗೈಯನ್ನು ಸ್ಪೀಕರಿನ ಮೇಲಿಟ್ಟುಕೊಂಡು. ಪ್ರೆಸ್ಸಿನ ಯಾವ ಸಂಪಾದಕರೂ ನನಗೆ ಇಷ್ಟು ತಿದ್ದುಪಡಿ ಕೊಟ್ಟಿಲ್ಲ. ಕ್ಲಚ್ಚಿನ ಹಾಡಿಗೆ ‘ಪರವಾಗಿಲ್ಲ’ ಸಿಕ್ಕಿದೆ. ಹೊಲಿಗೆ ಯಂತ್ರದ್ದಕ್ಕೆ ‘ತಲೆನೋವು’.

ಇವತ್ತು ಹರಾಜಿನ ಹಾಡು. ಬೀಟು ನಿಂತು, ಗೆರೆ ಶುರುವಾಯಿತು. ಮೂರರ ಗುಂಡಿ ಒತ್ತುವುದು ನನ್ನ ಕೆಲಸ. ಒತ್ತಲು ಬೆರಳು ಇಳಿಸಿದೆ. ಅಪ್ಪ ಸೀಮೆಸುಣ್ಣಕ್ಕೆ ಕೈ ಹಾಕಿದರು, ಸಿಗಲಿಲ್ಲ. ಮೇಜು ಬಡಿದರು, ಡ್ರಮ್ಮು ಎಂದುಕೊಂಡೆ. ಆಗ ಬಂತು:

"ತಡಿ!"

ಖಾಲಿ ಪೀಪಾಯಿಯನ್ನು ಕಲ್ಲುನೆಲದ ಮೇಲೆ ಎಳೆದ ಹಾಗಿತ್ತು. ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಅಪ್ಪ ನಮ್ಮಿಬ್ಬರನ್ನೂ ನೋಡುತ್ತಿದ್ದರು, ಮಾತಾಡಿದ್ದು ನಮ್ಮಲ್ಲಿ ಯಾರೋ ಎಂಬಂತೆ. ಆಮೇಲೆ ಸೀಮೆಸುಣ್ಣ ಸಿಕ್ಕಿತು.

‘ಬಂತಾ?’

"ಬಂತು ಮಾವ."

‘ಕಪ್ಪೆ ಹಾಗೆ?’

"ಕಪ್ಪೆಗೆಲ್ಲಿ ಇಷ್ಟು ಸಿಟ್ಟು ಬರತ್ತೆ ಮಾವ?"

ಅಪ್ಪನ ಹೊಟ್ಟೆ ಕುಲುಕಿತು. ಸದ್ದಿಲ್ಲದ ನಗು. ಕತ್ತಿನ ತೂತಿನ ಮುಂದಿನ ಬಟ್ಟೆ ಪಟಪಟ ಹಾರಿತು.

ಜುಲೈ ೨೭, ಶನಿವಾರ

ಮನೆ ತುಂಬ "ತಡಿ". ಮಾತ್ರೆ ತಂದರೆ ತಡಿ, ಬಾಗಿಲು ಹಾಕಿದರೆ ತಡಿ, ಕ್ಲಾಸಿನಲ್ಲಿ ಟೀಚರಿಗೂ ತಡಿ. "ಇದೊಂದೇ ಪದ ಸಾಕು ಅಂದ್ಕೊಂಡಿದಾರಾ?" ಎಂದು ಟೀಚರ್ ಕೇಳಿದರು. ಅಪ್ಪ ಗಾಳಿ ನುಂಗಿ, ನುಂಗಿ, "ಇನ್ನೂ ಇದೆ" ಎಂದರು. ಟೀಚರಿಗೆ ಕಣ್ಣು ತುಂಬಿತು, ನಾನು ಗೋಡೆಯ ಗಡಿಯಾರ ನೋಡಿದೆ.

ಬಾಮೈದನದು ಬೇರೆ ರಗಳೆ. "ಭಾವ, ಬೀಟು ನಿಂತ್ರೆ ಜನ ನೀರು ಕುಡಿಯೋಕೆ ಹೊರಟುಹೋಗ್ತಾರೆ. ಅಷ್ಟು ಹೊತ್ತು ಏನು ಮಾಡ್ಲಿ ನಾನು?"

"ಹಿಂದಿನ ಸಾಲು ನೋಡು."

"ನೋಡಿ?"

ಅದನ್ನು ಅವನೇ ಕಂಡುಕೊಳ್ಳಲಿ ಎಂದು ಬಿಟ್ಟೆ.

ಆಗಸ್ಟ್ ೪, ಭಾನುವಾರ

ಮುಂದಿನ ಭಾನುವಾರ ಬಿಡುಗಡೆ. ಅಪ್ಪ ಮನೆಯಲ್ಲಿ ಈಗ ಪುಟ್ಟ ವಾಕ್ಯಗಳನ್ನೇ ಆಡುತ್ತಾರೆ. ಒಂದೊಂದು ಪದಕ್ಕೂ ಒಂದು ಗುಟುಕು ಗಾಳಿ. ನಿನ್ನೆ ‘ಸಾರು’ ಎಂಬಲ್ಲಿಂದ ‘ಉಪ್ಪು’ ಎಂಬಲ್ಲಿಗೆ ಬರುವಷ್ಟರಲ್ಲಿ ಹೆಂಡತಿ ಎರಡು ರೊಟ್ಟಿ ತಿಂದು ಮುಗಿಸಿದಳು. ಉಪ್ಪು ಕಡಿಮೆಯೇ ಆಗಿತ್ತು.

ಆದರೆ ಹೊರಗಿನವರ ಮುಂದೆ ಒಂದಕ್ಷರ ಇಲ್ಲ. ಮೇಲಿನ ಮನೆಯವರು ನೋಡಲು ಬಂದಾಗ ಸ್ಲೇಟಿನ ಹಿಂದೆ ಅವಿತರು. ಅಂಗಡಿಯಲ್ಲಿ ಬೆರಳು ತೋರಿಸಿದರು. ಮನೆಯ ಹೊಸ್ತಿಲು ದಾಟದ ಮಾತು ನಿಧಾನವಾಗಿ ಮನೆಯೊಳಗೂ ನಿಂತುಹೋಗುತ್ತದೆ ಎಂದು ಟೀಚರ್ ಎಚ್ಚರಿಸಿದ್ದಾರೆ. ಯಾಕಪ್ಪ ಎಂದು ಕೇಳಿದೆ. ಸ್ಲೇಟು ಪಕ್ಕಕ್ಕಿಟ್ಟು ಹೇಳಿದರು: "ಹಳೇದು... ಕೇಳಿದವರು... ಊರ ತುಂಬ... ಇದ್ದಾರೆ."

ಹಾಲ್‌ಗೆ ಬರುತ್ತಾರಂತೆ. ಕೂರುವುದಕ್ಕೆ ಮಾತ್ರ.

ಬಾಯಿಯೂ ಇದೆ, ಮಾತೂ ಇದೆ, ಬಾಗಿಲು ದಾಟುವುದು ಮಾತ್ರ

ಎರಡನೆಯ ಸಾಲು ಬರಲಿಲ್ಲ. ಬಂದಾಗ ಬರಲಿ.

ಆಗಸ್ಟ್ ೧೧, ಭಾನುವಾರ

ಹಾಲ್ ಎಂದರೆ ವಾರದ ದಿನಗಳಲ್ಲಿ ಬ್ಯಾಡ್ಮಿಂಟನ್ ಆಡುವ ಜಾಗ. ನೆಲದ ಮೇಲೆ ಹಳದಿ ಗೆರೆಗಳು, ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿ. ಸಂಜೆ ಐದಕ್ಕೆ ಐವತ್ತು ಅರವತ್ತು ಜನ ಬಂದಿದ್ದರು. ನನ್ನ ಎದೆ ಪ್ರೆಸ್ಸಿನ ಯಂತ್ರಕ್ಕಿಂತ ಜೋರಾಗಿತ್ತು. ಕ್ಲಚ್ಚಿನ ಹಾಡಿಗೆ ಜನ "ಅಯ್ಯೋ" ಬಂದಾಗಲೆಲ್ಲ ಒಟ್ಟಿಗೆ ಅರಚಿದರು. ಹೆಂಡತಿ ಕೆಂಪಾದಳು, ಆಮೇಲೆ ತಾನೂ ಅರಚಿದಳು. ಹೊಲಿಗೆ ಯಂತ್ರದ್ದಕ್ಕೆ ಅರ್ಧ ಜನ ನೀರು ಕುಡಿಯಲು ಹೋದರು. ಅಪ್ಪ ಮೇಜಿನ ಪಕ್ಕದ ಕುರ್ಚಿಯಿಂದ ‘ಹೇಳಲಿಲ್ಲವೇ’ ಎಂಬ ಹಾಗೆ ನೋಡಿದರು.

ಏಳನೆಯದು ಹರಾಜು. ತಾಮ್ರದ ಹಂಡೆಯ ದನಿ ಹಾಲ್ ತುಂಬಿತು. ವಯಸ್ಸಾದವರು ಒಬ್ಬಿಬ್ಬರು ಕುಣಿಯುತ್ತಲೇ ಥಟ್ಟನೆ ತಲೆ ಎತ್ತಿ ಸ್ಪೀಕರ್ ಕಡೆ ನೋಡಿದರು. ಒಂದು ಸಾರೀ. ಡ್ರಮ್ಮು. ಎರಡು ಸಾರೀ. ಬೀಟು ನಿಂತಿತು.

ಜನ ಕೈ ಮೇಲೆತ್ತಿದವರು ಎತ್ತಿದ ಹಾಗೆಯೇ ನಿಂತರು. ಯಾರೋ ನಕ್ಕರು. ಗೋಣಿಚೀಲ ಎಳೆದ ಸದ್ದು ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಬಾಮೈದ ಹುಬ್ಬು ಹಾರಿಸಿ ನನ್ನ ಬೆರಳಿನ ಕಡೆ ತೋರಿಸಿದ. ನಾನು ಹಿಂದಿನ ಗೋಡೆ ನೋಡುತ್ತಿದ್ದೆ. ಅಲ್ಲಿ ಒಬ್ಬಾಕೆ, ಹೆಗಲಲ್ಲಿ ಚೀಲ, ಕೈಯಲ್ಲಿ ಬೀಗದ ಕೈ. ಯಾರನ್ನೋ ಕರೆದೊಯ್ಯಲು ಬಂದವಳಿರಬೇಕು. ಸಂಜೆಯೆಲ್ಲ ಗೋಡೆ ಬಿಟ್ಟು ಕದಲಿರಲಿಲ್ಲ.

ಗುಂಡಿಯ ಮೇಲಿದ್ದ ನನ್ನ ಕೈ ಮೇಲೆ ಅಪ್ಪನ ಕೈ ಬಿತ್ತು. ನನ್ನ ಬೆರಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಾಮೈದನ ಮೈಕು ತೆಗೆದುಕೊಂಡು ಎದ್ದು ನಿಂತರು. ಅವರೂ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು. ಗಾಳಿ ನುಂಗಿದರು. ಏನೂ ಬರಲಿಲ್ಲ. ಮತ್ತೆ ನುಂಗಿದರು. ಯಾವ ಪದ ಬರಬೇಕೆಂದು ಹಾಲ್‌ನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅಪ್ಪನ ಕತ್ತಿನ ಬಟ್ಟೆ ಒಳಗೆ ಹೊರಗೆ ಆಡುತ್ತಿತ್ತು. ಹೆಂಡತಿ ನನ್ನ ತೋಳು ಹಿಡಿದುಕೊಂಡಿದ್ದಳು. ನಾವು ನಿಂತಿದ್ದೆವು.

ಗೋಡೆಯ ಬಳಿಯ ಹೆಂಗಸಿನ ಭುಜ ಎದ್ದಿತು. ಚೀಲ ಜಾರಿ ನೆಲಕ್ಕಿಳಿಯಿತು. ಅವಳು ಹಳದಿ ಗೆರೆ ದಾಟಿ ಒಳಗೆ ಬಂದಳು.

"ಮೂರು" ಎಂದರು ಅಪ್ಪ.

ಕಲ್ಲುನೆಲದ ಮೇಲೆ ಪೀಪಾಯಿ. ಬಾಮೈದನಿಗೆ ಬೀಟು ಬಿಡುವುದೇ ಮರೆತುಹೋಗಿ, ಅಕ್ಕನಿಂದ ಏಟು ತಿಂದ ಮೇಲೆ ಬಿಟ್ಟ. ಆಮೇಲೆ ಏನಾಯಿತೆಂದು ಸರಿಯಾಗಿ ಬರೆಯಲಾರೆ. ನೆಲ ನಡುಗುತ್ತಿತ್ತು.

ಎಲ್ಲ ಮುಗಿದು ಕುರ್ಚಿ ಪೇರಿಸುತ್ತಿದ್ದಾಗ, ಬೆವರಲ್ಲಿ ತೊಯ್ದ ಒಬ್ಬಾತ ಅಪ್ಪನ ಹತ್ತಿರ ಬಂದ. "ಯಜಮಾನ್ರೇ, ಆ ಕೊನೇ ಸೌಂಡು ಯಾವ ಮಶೀನಿಂದು?"

ಅಪ್ಪ ಸ್ಲೇಟಿಗಾಗಿ ಕೈ ಚಾಚಿದರು. "ಕಾರಲ್ಲೇ ಬಿಟ್ಟುಬಂದೆ ಮಾವ" ಎಂದಳು ಹೆಂಡತಿ, ಬೇರೆಲ್ಲೋ ನೋಡುತ್ತ.

ಅಪ್ಪ ಗಾಳಿ ನುಂಗಿದರು. ಆತ ಟವೆಲ್ಲಿನಿಂದ ಕತ್ತು ಒರೆಸಿಕೊಳ್ಳುತ್ತ ಕಾದ.

"ಹೊಸದು."

"ಎಷ್ಟಕ್ಕೆ ಸಿಗತ್ತೆ?"

ಅಪ್ಪ ಬೇರೆ ಯಾರಾದರೂ ಕೇಳುವವರಿದ್ದಾರೋ ಏನೋ ಎಂದು ಅವನ ಭುಜದ ಮೇಲಿಂದ ಹಿಂದಿನ ಸಾಲು ನೋಡಿದರು.